ಕಾರಿನ ಹಿಂದಿನ ಸೀಟಿಗೆ ಪರದೆ ಅಳವಡಿಸುವ ಬಗೆ: ಆಯ್ಕೆಯಿಂದ ವೈರಿಂಗ್‌ವರೆಗೆ

ತುಮಕೂರಿನಿಂದ ತಿಪಟೂರು, ಅರಸೀಕೆರೆ, ಬೇಲೂರು ದಾಟಿ, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ ಮುಟ್ಟುವ ದಾರಿ ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳಿಗೆ ಬಹಳ ದೀರ್ಘವಾದದ್ದು. ಇಂಥ ಪ್ರಯಾಣಗಳನ್ನು ನೆನೆದೇ ಅನೇಕರು ಕಾರಿನ ಹಿಂಬದಿಗೆ ಚಿತ್ರ, ಹಾಡು ನೋಡುವ ಪರದೆಗಳನ್ನು ಹಾಕಿಸಿಕೊಳ್ಳಲು ಬಯಸುತ್ತಾರೆ. ಪರದೆಯನ್ನು ಹೆಡ್‌ರೆಸ್ಟಿಗೆ ಕೂರಿಸುವುದು ಹೆಚ್ಚು ಹೊತ್ತು ಹಿಡಿಯುವ ಕೆಲಸವಲ್ಲ. ಅದಕ್ಕೆ ಕರೆಂಟನ್ನು ಎಲ್ಲಿಂದ ತೆಗೆಯಬೇಕು, ವೈರನ್ನು ಯಾವ ದಾರಿಯಲ್ಲಿ ಒಯ್ಯಬೇಕು, ಎಲ್ಲಿ ಒಯ್ಯಲೇಬಾರದು ಎಂಬುದನ್ನು ತಿಳಿದು ಮಾಡುವುದೇ ಇಲ್ಲಿನ ಮುಖ್ಯ ಕೆಲಸ. ಆದ್ದರಿಂದ ಈ ಲೇಖನದಲ್ಲಿ ಪರದೆಗಿಂತ ವೈರಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಕೆಲಸವನ್ನು ನೀವೇ ಮಾಡದೆ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸುವವರಾದರೂ ಇದನ್ನು ಓದಿಕೊಂಡು ಹೋದರೆ ಏನನ್ನು ಕೇಳಬೇಕು, ಯಾವುದಕ್ಕೆ ಒಪ್ಪಬಾರದು ಎಂಬುದು ಸ್ಪಷ್ಟವಾಗುತ್ತದೆ.

ಯಾವ ಬಗೆಯ ಪರದೆ

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದು, ಮುಂದಿನ ಸೀಟಿನ ಹೆಡ್‌ರೆಸ್ಟಿನ ಎರಡು ಕಂಬಿಗಳಿಗೆ ಕ್ಲ್ಯಾಂಪ್ ಬಿಗಿದು ಅದರ ಮೇಲೆ ಕೂರಿಸುವ ಪರದೆ. ಇವು ಸಾಮಾನ್ಯವಾಗಿ 10ರಿಂದ 13 ಇಂಚಿನವು, ಬಹುತೇಕ ಆಂಡ್ರಾಯ್ಡ್‌ನಲ್ಲಿ ನಡೆಯುವಂಥವು. ಎರಡನೆಯದು, ಹೆಡ್‌ರೆಸ್ಟನ್ನೇ ಬದಲಿಸಿ ಹಾಕುವ, ಒಳಗೇ ಪರದೆ ಇರುವ ಜೋಡಿ. ಮೂರನೆಯದು ಛಾವಣಿಗೆ ಬಿಗಿದು ಬೇಕಾದಾಗ ಕೆಳಕ್ಕೆ ಮಡಿಸಿ ಬಿಡುವ ಪರದೆ. ನಾಲ್ಕನೆಯದು ಮನೆಯಲ್ಲಿರುವ ಟ್ಯಾಬ್ಲೆಟ್ಟನ್ನೇ ಹಿಡಿದುಕೊಳ್ಳುವ ಹೋಲ್ಡರ್.

ವರ್ಷಕ್ಕೆ ಒಂದೆರಡು ಬಾರಿ ಮಾತ್ರ ದೂರ ಹೋಗುವ ಕುಟುಂಬಕ್ಕೆ ಟ್ಯಾಬ್ಲೆಟ್ ಹೋಲ್ಡರೇ ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ವೈರಿಂಗ್ ಬೇಕಿಲ್ಲ. ಯುಎಸ್‌ಬಿ ಚಾರ್ಜರ್ ಇದ್ದರೆ ಆಯಿತು. ಆದರೆ ಸ್ಪ್ರಿಂಗಿನ ಹಿಡಿತ ಮಾತ್ರ ಇರುವ ಹೋಲ್ಡರ್ ಬೇಡ. ಜೋರಾಗಿ ಬ್ರೇಕ್ ಒತ್ತಿದಾಗ ಅರ್ಧ ಕಿಲೋ ತೂಕದ ಟ್ಯಾಬ್ಲೆಟ್ ಹಿಡಿತ ತಪ್ಪಿ ಹಾರಿದರೆ ಯಾರ ತಲೆಗಾದರೂ ಬಡಿಯಬಹುದು. ಸ್ಕ್ರೂ ಅಥವಾ ಲಾಕ್ ಇರುವುದನ್ನೇ ಕೊಳ್ಳಿ.

ಹೆಡ್‌ರೆಸ್ಟನ್ನೇ ಬದಲಿಸುವ ಬಗೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಹಿಂದಿನಿಂದ ಬೇರೆ ವಾಹನ ಗುದ್ದಿದಾಗ ಕುತ್ತಿಗೆ ಹಿಂದಕ್ಕೆ ಮುರಿದುಕೊಳ್ಳದಂತೆ ತಡೆಯುವ ಸಾಧನವೇ ಹೆಡ್‌ರೆಸ್ಟ್. ಕಾರು ತಯಾರಿಸಿದವರು ಪರೀಕ್ಷಿಸಿ ಕೊಟ್ಟದ್ದನ್ನು ತೆಗೆದು, ಎಲ್ಲಿ ಪರೀಕ್ಷೆಯಾಯಿತೋ ತಿಳಿಯದ ಇನ್ನೊಂದನ್ನು ಹಾಕುವುದು ಸರಿಯಲ್ಲ. ಗುದ್ದಿದ ಕ್ಷಣದಲ್ಲಿ ತಾನಾಗಿ ಮುಂದಕ್ಕೆ ಬರುವ ಆ್ಯಕ್ಟಿವ್ ಹೆಡ್‌ರೆಸ್ಟ್ ಇರುವ ಕಾರುಗಳಲ್ಲಿ ಕ್ಲ್ಯಾಂಪನ್ನೂ ಬಿಗಿಯಬಾರದು.

ಛಾವಣಿಯ ಪರದೆ ಒಂದೇ ಇದ್ದರೂ ಎರಡನೆಯ, ಮೂರನೆಯ ಸಾಲಿನವರೆಲ್ಲ ನೋಡಬಹುದು ಎಂಬುದು ಅದರ ಆಕರ್ಷಣೆ. ಆದರೆ ಎರ್ಟಿಗಾ, ಇನೋವಾ ಕ್ರಿಸ್ಟಾದಂಥ ವಾಹನಗಳಲ್ಲಿ ಹಿಂದಿನವರ ಎ.ಸಿ. ಗಾಳಿ ಬರುವುದು ಛಾವಣಿಯಿಂದಲೇ. ಒಳಗಿನ ಗಾಳಿಯ ಕೊಳವೆಗೆ ಸ್ಕ್ರೂ ತೂರಿಸಿಬಿಡುವ ಅಪಾಯ ಅಲ್ಲಿದೆ. ಮೇಲಾಗಿ ಮಡಿಸಿ ಬಿಟ್ಟ ಪರದೆ ಚಾಲಕನ ಒಳಗನ್ನಡಿಯ ನೋಟವನ್ನು ಮರೆ ಮಾಡುತ್ತದೆ. ಲಾರಿ, ಬಸ್ಸುಗಳು ಸದಾ ಓಡಾಡುವ ಬೆಂಗಳೂರು–ಶಿರಾ ಹೆದ್ದಾರಿಯಲ್ಲಿ ಹಿಂದೆ ಏನು ಬರುತ್ತಿದೆ ಎಂಬುದು ಕಾಣದೆ ಓಡಿಸುವುದು ಒಪ್ಪತಕ್ಕ ಮಾತಲ್ಲ. ಹೀಗಾಗಿ ಮುಂದಿನ ವಿವರಣೆಯೆಲ್ಲ ಹೆಡ್‌ರೆಸ್ಟ್ ಕಂಬಿಗೆ ಬಿಗಿಯುವ ಒಂದು ಜೋಡಿ ಪರದೆಗಳನ್ನು ಕುರಿತದ್ದು.

ಕೊಳ್ಳುವ ಮುನ್ನ

ಪರದೆಯನ್ನು ತುಮಕೂರಿನ ಕಾರ್ ಅಕ್ಸೆಸರಿ ಅಂಗಡಿಯಲ್ಲಿ ಕೊಂಡರೂ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದರೂ, ಆನ್‌ಲೈನ್‌ನಲ್ಲಿ ತರಿಸಿದರೂ ಮೊದಲು ಮೂರು ಅಳತೆ ಬರೆದಿಟ್ಟುಕೊಳ್ಳಿ: ಹೆಡ್‌ರೆಸ್ಟಿನ ಎರಡು ಕಂಬಿಗಳ ನಡುವಿನ ಅಂತರ, ಪ್ರತಿ ಕಂಬಿಯ ದಪ್ಪ, ಮತ್ತು ಹೆಡ್‌ರೆಸ್ಟಿನ ಹಿಂಬದಿಯ ಅಗಲ. ಕ್ಲ್ಯಾಂಪ್ ಎಷ್ಟು ಅಂತರಕ್ಕೆ, ಎಷ್ಟು ದಪ್ಪಕ್ಕೆ ಹೊಂದುತ್ತದೆ ಎಂಬುದು ಡಬ್ಬದ ಮೇಲೆ ಇರುತ್ತದೆ. ಕೆಲವು ಕಾರುಗಳಲ್ಲಿ ಹೆಡ್‌ರೆಸ್ಟ್ ಸೀಟಿನ ಬೆನ್ನಿನೊಂದಿಗೇ ಒಂದಾಗಿ ಬಂದಿರುವುದರಿಂದ ಕಂಬಿಯೇ ಹೊರಗೆ ಕಾಣುವುದಿಲ್ಲ. ಅಂಥವುಗಳಿಗೆ ಈ ಬಗೆ ಹೊಂದುವುದಿಲ್ಲ.

ಅಂಚು ಚೂಪಾಗಿರುವ ಪರದೆ ಬೇಡ. ಮುಂದಿನ ಸೀಟಿನ ಬೆನ್ನನ್ನು ಮೆತ್ತಗೆ ಮಾಡಿರುವುದಕ್ಕೆ ಕಾರಣವಿದೆ: ಅಪಘಾತದಲ್ಲಿ ಹಿಂದಿನವರ ತಲೆ, ಮೊಣಕಾಲು ಬಡಿಯುವ ಜಾಗ ಅದು. ಅಲ್ಲಿ ನೀವು ಗಟ್ಟಿ ವಸ್ತುವೊಂದನ್ನು ಇಡುತ್ತಿದ್ದೀರಿ. ಆದ್ದರಿಂದ ಪರದೆ ಹಾಕಿದ ಕಾರಿನಲ್ಲಿ ಹಿಂದಿನವರು ಸೀಟ್ ಬೆಲ್ಟ್ ಹಾಕುವುದು ಮೊದಲಿಗಿಂತ ಹೆಚ್ಚು ಅಗತ್ಯವಾಗುತ್ತದೆ. ಕಾನೂನೂ ಅದನ್ನೇ ಕೇಳುತ್ತದೆ. ಮೋಟಾರು ವಾಹನ ಕಾಯ್ದೆಯ 194ಬಿ ವಿಧಿಯಂತೆ ಬೆಲ್ಟ್ ಹಾಕದವರಿಗೂ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕರೆದೊಯ್ಯುವವರಿಗೂ 1000 ರೂಪಾಯಿ ದಂಡವಿದೆ.

ಆಂಡ್ರಾಯ್ಡ್ ಎಂದು ಬರೆದಿರುವ ಪರದೆಗಳೆಲ್ಲ ಒಟಿಟಿ ಆ್ಯಪ್‌ಗಳನ್ನು ಪೂರ್ಣ ಗುಣಮಟ್ಟದಲ್ಲಿ ತೋರಿಸುವುದಿಲ್ಲ. ಆ ಕಂಪನಿಗಳ ಪ್ರಮಾಣೀಕರಣ ಇಲ್ಲದ ಅಗ್ಗದ ಪರದೆಗಳಲ್ಲಿ ಚಿತ್ರ ಮಸುಕಾಗಿ ಬರುತ್ತದೆ, ಇಲ್ಲವೇ ಆ್ಯಪ್ ತೆರೆಯುವುದೇ ಇಲ್ಲ. ಅಂಗಡಿಯಲ್ಲೇ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು, ನೀವು ಬಳಸುವ ಆ್ಯಪನ್ನು ತೆರೆಸಿ ನೋಡಿಯೇ ಹಣ ಕೊಡಿ. ಎಚ್‌ಡಿಎಂಐ ಕಿಂಡಿ ಇರುವ ಪರದೆಯಾದರೆ ಮುಂದೆ ಬೇರೆ ಸಾಧನ ಜೋಡಿಸಲೂ ಅನುಕೂಲ.

ಕರೆಂಟಿನ ಲೆಕ್ಕ

ಕಾರಿನ ವಿದ್ಯುತ್ 12 ವೋಲ್ಟ್. ಎಂಜಿನ್ ನಿಂತಿರುವಾಗ ಆರೋಗ್ಯವಾಗಿರುವ ಬ್ಯಾಟರಿಯಲ್ಲಿ ಸುಮಾರು 12.5 ವೋಲ್ಟ್, ಎಂಜಿನ್ ಓಡುತ್ತಿರುವಾಗ ಸುಮಾರು 14 ವೋಲ್ಟ್ ಕಾಣುತ್ತದೆ. ದೊಡ್ಡ ಬಸ್ಸು, ಲಾರಿಗಳಲ್ಲಿ ಇರುವುದು 24 ವೋಲ್ಟ್. ಅಲ್ಲಿ ಕನ್ವರ್ಟರ್ ಇಲ್ಲದೆ ಕಾರಿನ ಪರದೆ ಜೋಡಿಸಿದರೆ ಸುಟ್ಟುಹೋಗುತ್ತದೆ. ವಿದ್ಯುತ್ ಕಾರುಗಳಲ್ಲೂ ಇಂಥ ಉಪಕರಣಗಳಿಗೆಂದು ಪ್ರತ್ಯೇಕ 12 ವೋಲ್ಟಿನ ಬ್ಯಾಟರಿ ಇರುತ್ತದೆ, ಕರೆಂಟು ತೆಗೆಯಬೇಕಾದದ್ದು ಅದರಿಂದ ಮಾತ್ರ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅವುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಪರದೆಯ ಹಿಂದೆ 12 ವೋಲ್ಟ್, 2 ಆಂಪಿಯರ್ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಎರಡು ಪರದೆಗೆ 4 ಆಂಪಿಯರ್ ಆಯಿತು. ಇದಕ್ಕೆ 1 ಚದರ ಮಿಲಿಮೀಟರ್ ದಪ್ಪದ, ತಾಮ್ರದ ಎಳೆಗಳಿರುವ ಆಟೊ ವೈರ್ ಸಾಕು. ಅಂಥ ವೈರ್ 4 ಮೀಟರ್ ಓಡಿದರೆ ದಾರಿಯಲ್ಲಿ ಕಳೆದುಹೋಗುವುದು ಕಾಲು ವೋಲ್ಟಿಗಿಂತ ತುಸು ಹೆಚ್ಚು, ಅಷ್ಟೆ. ಸಂಶಯವಿದ್ದರೆ 1.5 ಚದರ ಮಿಲಿಮೀಟರ್ ತನ್ನಿ. ಫ್ಯೂಸು 7.5 ಆಂಪಿಯರಿನದು, ಅಂದರೆ ಕಂದು ಬಣ್ಣದ್ದು. ಫ್ಯೂಸು ಕಾಯುವುದು ವೈರನ್ನು. ವೈರು ಎಲ್ಲೋ ಉಜ್ಜಿ ಶಾರ್ಟ್ ಆದಾಗ ಅದು ಕಾದು ಕೆಂಪಾಗಿ ಹೊತ್ತಿಕೊಳ್ಳುವ ಮೊದಲೇ ಫ್ಯೂಸು ಹೋಗಬೇಕು. ಈ ಕಾರಣಕ್ಕೇ ಪದೇ ಪದೇ ಫ್ಯೂಸ್ ಹೋಗುತ್ತಿದೆ ಎಂದು 15 ಆಂಪಿಯರಿನದನ್ನು ಸಿಕ್ಕಿಸುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಸುಲಭದ ದಾರಿಯೊಂದಿದೆ. ಹೆಚ್ಚಿನ ಪರದೆಗಳ ಜೊತೆ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪ್ಲಗ್ ಬರುತ್ತದೆ. ಸಾಕೆಟ್ ಮುಚ್ಚಳದ ಮೇಲೆ 120 ವ್ಯಾಟ್ ಎಂದಿದ್ದರೆ ಅದು 10 ಆಂಪಿಯರ್ ಕೊಡಬಲ್ಲದು, ಎರಡು ಪರದೆಗೆ ಧಾರಾಳವಾಯಿತು. ಹಿಂದಿನ ಸಾಲಿಗೇ ಸಾಕೆಟ್ ಇರುವ ಕಾರಾದರೆ ಈ ದಾರಿಯೇ ಒಳ್ಳೆಯದು. ಕಾರಿನ ಮೂಲ ವೈರಿಂಗ್ ಮುಟ್ಟದ ಕಾರಣ ವಾರಂಟಿಯ ತಕರಾರೂ ಏಳುವುದಿಲ್ಲ.

ಬೇಕಾಗುವ ಸಾಮಾನು

ಮಲ್ಟಿಮೀಟರ್, 10 ನಂಬರಿನ ಸ್ಪ್ಯಾನರ್, ಟ್ರಿಮ್ (ಕಾರಿನೊಳಗಿನ ಹೊದಿಕೆ) ತೆಗೆಯುವ ಪ್ಲಾಸ್ಟಿಕ್ಕಿನ ಪಟ್ಟಿ, ವೈರಿನ ತುದಿಗೆ ಲಗ್ ಒತ್ತಿ ಬಿಗಿಯುವ ಕ್ರಿಂಪಿಂಗ್ ಕಟರ್, ಫ್ಯೂಸಿನ ಕಿಂಡಿಯಿಂದಲೇ ಹೊಸ ಲೈನು ತೆಗೆಯಲು ಒದಗುವ ಫ್ಯೂಸ್ ಟ್ಯಾಪ್, ಎಲೆಕ್ಟ್ರಿಷಿಯನ್‌ಗಳು ಥಿಂಬಲ್ ಎನ್ನುವ ಉಂಗುರದ ಲಗ್, ಬಿಸಿ ತಾಗಿದಾಗ ಕುಗ್ಗಿ ಜೋಡಣೆಯನ್ನು ಬಿಗಿಯಾಗಿ ಮುಚ್ಚುವ ಹೀಟ್ ಶ್ರಿಂಕ್ ಸ್ಲೀವ್, ವೈರಿಗೆ ಹೊದಿಸುವ ಬಟ್ಟೆಯ ಟೇಪು, ಕೇಬಲ್ ಟೈ. ವೈರ್ ತೂರಿಸಲು ಬೈಕಿನ ಹಳೆಯ ಕ್ಲಚ್ ಕೇಬಲ್ಲಿನ ಒಳತಂತಿ ಬಹಳ ಚೆನ್ನಾಗಿ ಒದಗುತ್ತದೆ. ಫ್ಯೂಸ್ ಟ್ಯಾಪ್ ಕೊಳ್ಳುವಾಗ ನಿಮ್ಮ ಕಾರಿನ ಫ್ಯೂಸ್ ಒಂದನ್ನು ಕಿತ್ತು ಜೊತೆಗೆ ಒಯ್ಯಿರಿ. ಮಿನಿ, ಗಿಡ್ಡ ಮಿನಿ, ಮೈಕ್ರೊ ಎಂದು ಅಳತೆಗಳು ಬೇರೆ ಬೇರೆ ಇದ್ದು, ಒಂದಕ್ಕೊಂದು ಹೊಂದುವುದಿಲ್ಲ.

ಹೆಜ್ಜೆ 1: ಕರೆಂಟಿನ ಮೂಲ ಹುಡುಕುವುದು

ಬ್ಯಾಟರಿ ಬಿಚ್ಚುವ ಮೊದಲೇ ಮಾಡಬೇಕಾದ ಕೆಲಸವಿದು. ನಮ್ಮ ಕಾರುಗಳಲ್ಲಿ ಒಳಗಿನ ಫ್ಯೂಸ್ ಬಾಕ್ಸ್ ಹೆಚ್ಚಾಗಿ ಸ್ಟಿಯರಿಂಗಿನ ಕೆಳಗೆ ಚಾಲಕನ ಮೊಣಕಾಲಿನ ಬಳಿ ಇರುತ್ತದೆ. ಯಾವ ಫ್ಯೂಸು ಯಾವುದಕ್ಕೆ ಎಂಬ ನಕ್ಷೆ ಅದರ ಮುಚ್ಚಳದಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಸಿಗುತ್ತದೆ. ನಮಗೆ ಬೇಕಾದದ್ದು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸು: ಸಾಕೆಟ್ ಅಥವಾ ಆಡಿಯೊ ಇಂಥವು. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಟ್ರೋಲ್, ಇಂಧನ ಪಂಪು, ಪವರ್ ಸ್ಟಿಯರಿಂಗ್ ಇವುಗಳ ಫ್ಯೂಸಿನ ಹತ್ತಿರ ಸುಳಿಯಬೇಡಿ.

ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಯಾವುದಾದರೂ ಬಣ್ಣವಿಲ್ಲದ ಬೋಲ್ಟಿಗೆ ಹಿಡಿದು, ಆರಿಸಿಕೊಂಡ ಫ್ಯೂಸನ್ನು ಕಿತ್ತು, ಕೀಲಿ ಆನ್ ಮಾಡಿ, ಖಾಲಿ ಕಿಂಡಿಯ ಎರಡೂ ಕಡೆ ಕೆಂಪು ಕಡ್ಡಿ ಮುಟ್ಟಿಸಿ ನೋಡಿ. ಒಂದು ಕಡೆ 12 ವೋಲ್ಟ್ ತೋರಿಸುತ್ತದೆ. ಅದು ಬ್ಯಾಟರಿಯಿಂದ ಕರೆಂಟು ಬರುವ ಕಡೆ. ಇದನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಕೀಲಿ ಆಫ್ ಮಾಡಿದಾಗ ಅಲ್ಲಿ ಸೊನ್ನೆ ಬರಬೇಕು. ಸೊನ್ನೆ ಬರದಿದ್ದರೆ ಅದು ಸದಾ ಕರೆಂಟು ಇರುವ ಲೈನು. ಅದಕ್ಕೆ ಜೋಡಿಸಿದರೆ ಮರೆತು ಬಿಟ್ಟ ಎರಡು ಪರದೆಗಳು 35 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಯನ್ನು ಒಂದೇ ರಾತ್ರಿಯಲ್ಲಿ ಬರಿದು ಮಾಡಬಲ್ಲವು.

ಹೆಜ್ಜೆ 2: ಬ್ಯಾಟರಿ ಬಿಚ್ಚುವುದು

ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮಾತ್ರ ಸಡಿಲಿಸಿ ಪಕ್ಕಕ್ಕಿಡಿ. ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಕರೆಂಟು ತುಸು ಹೊತ್ತು ಉಳಿದಿರುವುದರಿಂದ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಹತ್ತು ನಿಮಿಷ ಕಾದರೆ ನಿಶ್ಚಿಂತೆ. ಬ್ಯಾಟರಿ ಬಿಚ್ಚಿದ ಮೇಲೆ ಗಡಿಯಾರ, ರೇಡಿಯೊ ಸ್ಟೇಷನ್‌ಗಳು, ಒಂದೇ ಒತ್ತಿಗೆ ಪೂರ್ತಿ ಏರುವ ಕಿಟಕಿಯ ಸೌಲಭ್ಯ ಇವನ್ನು ಮತ್ತೆ ಹೊಂದಿಸಬೇಕಾಗಬಹುದು.

ಹೆಜ್ಜೆ 3: ವೈರ್ ಎಳೆಯುವುದು

ಇಡೀ ಕೆಲಸದಲ್ಲಿ ಅವಸರ ಮಾಡಲೇಬಾರದ ಘಟ್ಟ ಇದು. ವೈರ್ ಫ್ಯೂಸ್ ಬಾಕ್ಸಿನಿಂದ ಹೊರಟು ಕೆಳಗಿಳಿದು, ಚಾಲಕನ ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಅಡಿಯಲ್ಲಿ ಹಿಂದಕ್ಕೆ ಸಾಗಿ, ಕಾರ್ಪೆಟ್ಟಿನ ಕೆಳಗಿಂದ ಮುಂದಿನ ಸೀಟಿನಡಿಗೆ ಬರಬೇಕು. ಅಲ್ಲಿ ಎರಡು ಕವಲಾಗಿ ಒಂದು ಚಾಲಕನ ಸೀಟಿಗೆ, ಇನ್ನೊಂದು ನಡುವಿನ ಕನ್ಸೋಲಿನ ಅಡಿಯಿಂದ ಎಡ ಸೀಟಿಗೆ ಹೋಗುತ್ತದೆ. ಹೊಸ್ತಿಲಿನ ಪಟ್ಟಿ ಕ್ಲಿಪ್ಪುಗಳ ಮೇಲೆ ನಿಂತಿರುವುದರಿಂದ ಟ್ರಿಮ್ ತೆಗೆಯುವ ಪಟ್ಟಿಯನ್ನು ಅದರಡಿ ತೂರಿಸಿ ಮೇಲೆತ್ತಿದರೆ ಬಿಟ್ಟುಕೊಳ್ಳುತ್ತದೆ. ಸ್ಕ್ರೂಡ್ರೈವರ್ ಬಳಸಿದರೆ ಪಟ್ಟಿಯ ಮೇಲೆ ಗೀರು ಉಳಿಯುತ್ತದೆ.

ಫ್ಯೂಸ್ ಬಾಕ್ಸಿನ ಕೆಳಗೆ ಬ್ರೇಕ್, ಕ್ಲಚ್ ಪೆಡಲುಗಳಿವೆ. ಅಲ್ಲಿ ವೈರು ಒಂದಿಷ್ಟೂ ಜೋತುಬೀಳಬಾರದು. ಪ್ರತಿ ಗೇಣಿಗೊಂದು ಕೇಬಲ್ ಟೈ ಹಾಕಿ, ಕಂಪನಿಯ ಮೂಲ ವೈರ್ ಕಟ್ಟಿಗೆ ಸೇರಿಸಿ ಬಿಗಿಯಿರಿ. ಆಮೇಲೆ ಎಲ್ಲ ಪೆಡಲುಗಳನ್ನೂ ಕೊನೆಯವರೆಗೆ ಒತ್ತಿ ನೋಡಿ.

ಸೀಟಿನಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಹೊದಿಕೆಯ ವೈರು ಕಂಡರೆ ಅದು ಏರ್‌ಬ್ಯಾಗಿಗೆ ಸೇರಿದ್ದು. ಅದನ್ನು ಬಿಚ್ಚಬಾರದು, ಅದಕ್ಕೆ ನಮ್ಮ ವೈರನ್ನು ಕಟ್ಟಲೂಬಾರದು, ಅದರ ಮೇಲೆ ಮೀಟರಿನ ಕಡ್ಡಿ ಇಡಲೂಬಾರದು. ಆರು ಏರ್‌ಬ್ಯಾಗುಗಳಿರುವ ಕಾರುಗಳಲ್ಲಿ ಮುಂದಿನ ಸೀಟಿನ ಬೆನ್ನಿನಲ್ಲೇ, ಬಾಗಿಲ ಕಡೆಯ ಅಂಚಿನಲ್ಲಿ, ಒಂದು ಏರ್‌ಬ್ಯಾಗ್ ಅಡಗಿರುತ್ತದೆ. ಹೊಲಿಗೆಯ ಬಳಿ ಸಣ್ಣ ಪಟ್ಟಿಯ ಮೇಲೆ ಏರ್‌ಬ್ಯಾಗ್ ಎಂದು ಬರೆದಿರುತ್ತದೆ. ಆದ್ದರಿಂದ ಸೀಟಿನ ಬೆನ್ನಿನ ಮೇಲೆ ವೈರು ಏರಬೇಕಾದದ್ದು ಒಳಗಿನ, ಅಂದರೆ ಗೇರ್ ಕಡೆಯ ಅಂಚಿನಿಂದ. ಕಿಟಕಿಯ ಮೇಲಿನ ಛಾವಣಿಯಂಚಿನಲ್ಲೂ ಕಿಟಕಿಯ ಕರ್ಟನ್‌ನಂತೆ ಇಳಿಯುವ ಏರ್‌ಬ್ಯಾಗ್ ಇರುವುದರಿಂದ ಛಾವಣಿಯನ್ನು ಹೊತ್ತ ಕಂಬಗಳ ಒಳಗೆ ವೈರು ತೂರಿಸುವುದು ಬೇಡ.

ಸೀಟು ಹಿಂದೆ ಮುಂದೆ ಸರಿಯುತ್ತದೆ, ಬೆನ್ನು ಒರಗುತ್ತದೆ, ಎತ್ತರವೂ ಬದಲಾಗುತ್ತದೆ. ವೈರಿನ ಉದ್ದ ನಿರ್ಧರಿಸುವಾಗ ಸೀಟನ್ನು ಪೂರ್ತಿ ಮುಂದೆ ಎಳೆದು, ಬೆನ್ನನ್ನು ಪೂರ್ತಿ ಒರಗಿಸಿ, ಆ ಸ್ಥಿತಿಯಲ್ಲೂ ಬಿಗಿಯಾಗದಷ್ಟು ಸಡಿಲ ಬಿಡಿ. ಹೀಗೆ ಬಿಟ್ಟ ಸಡಿಲ ಭಾಗ ಸೀಟಿನ ಹಳಿಗಳ ನಡುವೆ ಸಿಕ್ಕಿಕೊಳ್ಳದಂತೆ ಬಟ್ಟೆಯ ಟೇಪು ಸುತ್ತಿ, ಸೀಟಿನ ಚೌಕಟ್ಟಿಗೆ ಮೇಲಕ್ಕೆ ಕಟ್ಟಿ. ಸೀಟಿನಡಿಯ ವೈರಿಂಗ್ ಕೆಡುವುದು ಹೆಚ್ಚಾಗಿ ಈ ಹಳಿಯ ಉಜ್ಜಾಟದಿಂದಲೇ. ಪ್ರತಿ ಸೀಟಿನ ಕೆಳಗೂ ಒಂದು ಜೋಡಿ ಕನೆಕ್ಟರ್ ಇಟ್ಟರೆ ಮುಂದೆ ಸೀಟು ಬಿಚ್ಚಬೇಕಾದಾಗ ವೈರು ಕತ್ತರಿಸುವ ಪ್ರಮೇಯ ಬರುವುದಿಲ್ಲ.

ಹೆಜ್ಜೆ 4: ಅರ್ಥ್ ಮತ್ತು ಜೋಡಣೆ

ಪರದೆಗಳ ಕಪ್ಪು ವೈರುಗಳೆರಡನ್ನೂ ಸೇರಿಸಿ ಒಂದೇ ಜಾಗದಲ್ಲಿ ಕಾರಿನ ಲೋಹದ ಮೈಗೆ ಜೋಡಿಸಿ ಅರ್ಥ್ ಮಾಡಿ. ಹೊಸ್ತಿಲಿನ ಬಳಿ ಅಥವಾ ಕಾಲಿಡುವ ಜಾಗದ ಪಕ್ಕದಲ್ಲಿ ಕಂಪನಿಯವರೇ ಅರ್ಥ್‌ಗೆ ಬಳಸಿದ ಬೋಲ್ಟ್ ಇದ್ದರೆ ಒಳ್ಳೆಯದು. ಬೇರೆ ಬೋಲ್ಟ್ ಬಳಸುವುದಾದರೆ ಅದರಡಿಯ ಬಣ್ಣವನ್ನು ಉಜ್ಜಿ ಲೋಹ ಕಾಣಿಸಿ, ಥಿಂಬಲ್ ಕೂರಿಸಿ ಬಿಗಿಯಿರಿ. ಸೀಟ್ ಬೆಲ್ಟಿನ ಬೋಲ್ಟ್, ಸೀಟಿನ ಬೋಲ್ಟ್, ಏರ್‌ಬ್ಯಾಗ್ ಪೆಟ್ಟಿಗೆಯ ಬೋಲ್ಟ್ ಇವನ್ನು ಇದಕ್ಕೆ ಬಳಸುವಂತಿಲ್ಲ. ಎರಡು ಪರದೆಗಳಿಗೆ ಬೇರೆ ಬೇರೆ ಕಡೆ ಅರ್ಥ್ ಕೊಟ್ಟರೆ, ಎಂಜಿನ್ ವೇಗ ಏರಿದಂತೆ ಏರುವ ಕುಂಯ್ ಎಂಬ ಸದ್ದು ಸ್ಪೀಕರಿನಲ್ಲಿ ಕೇಳಿಬರುವುದುಂಟು.

ವೈರುಗಳನ್ನು ಬರಿಗೈಯಲ್ಲಿ ಹೊಸೆದು ಇನ್ಸುಲೇಷನ್ ಟೇಪು ಸುತ್ತಿ ಮುಗಿಸುವ ಅಭ್ಯಾಸ ಎಲ್ಲ ಕಡೆಯೂ ಇದೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಆ ಟೇಪಿನ ಅಂಟು ಕರಗಿ, ಸುತ್ತು ಬಿಚ್ಚಿ, ತಾಮ್ರ ಬೆತ್ತಲಾಗುತ್ತದೆ. ಕ್ರಿಂಪ್ ಅಥವಾ ಬೆಸುಗೆ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿಯೇ ಮುಚ್ಚಬೇಕು.

ಇನ್ನು ಫ್ಯೂಸ್ ಟ್ಯಾಪ್. ಇದರಲ್ಲಿ ಎರಡು ಮನೆಗಳಿವೆ: ಕಾಲುಗಳಿಗೆ ಹತ್ತಿರದ ಮನೆಗೆ ಕಾರಿನ ಹಳೆಯ ಫ್ಯೂಸು, ಇನ್ನೊಂದಕ್ಕೆ ನಮ್ಮ 7.5 ಆಂಪಿಯರಿನ ಹೊಸ ಫ್ಯೂಸು. ಎರಡು ಫ್ಯೂಸುಗಳಿಗೂ ಕರೆಂಟು ಹಂಚುವ ಕಾಲು, ಮೊದಲ ಹೆಜ್ಜೆಯಲ್ಲಿ ಗುರುತಿಸಿದ 12 ವೋಲ್ಟಿನ ಕಡೆ ಕೂರಬೇಕು. ತಿರುಗಾಮುರುಗಾ ಹಾಕಿದರೂ ಪರದೆ ನಡೆಯುತ್ತದೆ, ಆದರೆ ಅದರ ಹೊರೆಯೂ ಹಳೆಯ ಫ್ಯೂಸಿನ ಮೇಲೆಯೇ ಬೀಳುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು, ಮುಂದಿನ ಹೆಜ್ಜೆಯಲ್ಲಿ ಬ್ಯಾಟರಿ ಜೋಡಿಸಿದ ಮೇಲೆ ಟ್ಯಾಪಿನಿಂದ ಹಳೆಯ ಫ್ಯೂಸನ್ನು ಮಾತ್ರ ತೆಗೆದು ಕೀಲಿ ಆನ್ ಮಾಡಿ. ನಮ್ಮ ವೈರಿನಲ್ಲಿ ಆಗಲೂ ಕರೆಂಟು ಇದ್ದರೆ ದಿಕ್ಕು ಸರಿ. ಇಲ್ಲದಿದ್ದರೆ ಟ್ಯಾಪನ್ನು ತಿರುಗಿಸಿ ಹಾಕಿ.

ಹೆಜ್ಜೆ 5: ಪರೀಕ್ಷೆ, ಆಮೇಲೆ ಪರದೆ

ಪಟ್ಟಿಗಳನ್ನು ಮುಚ್ಚುವ ಮೊದಲೇ ಬ್ಯಾಟರಿ ಜೋಡಿಸಿ. ಸೀಟಿನ ತುದಿಯ ವೈರಿನಲ್ಲಿ ಪ್ಲಸ್, ಮೈನಸ್ ಸರಿಯಾಗಿವೆಯೇ ಎಂದು ಮೀಟರಿನಲ್ಲಿ ನೋಡಿದ ನಂತರವೇ ಪರದೆ ಸಿಕ್ಕಿಸಬೇಕು. ಎರಡೂ ಪರದೆಗಳು ಆನ್ ಆಗಿರುವಾಗ ಸೀಟಿನ ತುದಿಯ ವೋಲ್ಟೇಜ್ ಬ್ಯಾಟರಿಯಲ್ಲಿರುವುದಕ್ಕಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆಯಾದರೆ ಎಲ್ಲೋ ಒಂದು ಜೋಡಣೆ ಸಡಿಲವಿದೆ, ಬಹುಪಾಲು ಅರ್ಥ್‌ನದೇ. ಕೀಲಿ ಆಫ್ ಮಾಡಿ ಪರದೆಗಳು ಪೂರ್ತಿ ಆರುವುದನ್ನೂ, ಕೀಲಿ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಉರಿದು ಆರುವುದನ್ನೂ ನೋಡಿ. ಆ ದೀಪ ಆರದೆ ಉಳಿದರೆ ಕಾರನ್ನು ಓಡಿಸದೆ ಸರ್ವಿಸ್ ಸೆಂಟರಿನವರಿಗೆ ತೋರಿಸಬೇಕು.

ಇಷ್ಟಾದ ಮೇಲೆ ಕ್ಲ್ಯಾಂಪನ್ನು ಕಂಬಿಗಳಿಗೆ ಸಮವಾಗಿ ಬಿಗಿದು, ಪರದೆಯನ್ನು ಕೂರಿಸಿ, ಕೈಯಲ್ಲಿ ಹಿಡಿದು ಅಲುಗಿಸಿ ನೋಡಿ. ಹೆಡ್‌ರೆಸ್ಟ್ ಮುಂದೆ ಕುಳಿತವರ ತಲೆಯ ಮಟ್ಟಕ್ಕೆ ಇರಬೇಕೇ ಹೊರತು, ಪರದೆ ಚೆನ್ನಾಗಿ ಕಾಣಲೆಂದು ಅದನ್ನು ಏರಿಸಿ ಇಳಿಸುವುದು ಸಲ್ಲದು. ರಾತ್ರಿ ಹೊತ್ತು ಚಾಲಕನ ಜಾಗದಲ್ಲಿ ಕುಳಿತು, ಪರದೆಯ ಬೆಳಕು ಮುಂದಿನ ಗಾಜಿನಲ್ಲಾಗಲಿ ಕನ್ನಡಿಯಲ್ಲಾಗಲಿ ಹೊಳೆಯುತ್ತಿದೆಯೇ ಎಂದು ಪರೀಕ್ಷಿಸಿ, ಬೆಳಕನ್ನು ತಗ್ಗಿಸಿಕೊಳ್ಳಿ.

ಶಬ್ದ, ಚಿತ್ರ, ಬಿಸಿಲು

ಶಬ್ದಕ್ಕೆ ಬ್ಲೂಟೂತ್ ಹೆಡ್‌ಫೋನ್ ಉತ್ತಮ. ಚಾಲಕನ ಗಮನ ಕದಡುವುದಿಲ್ಲ. ಮಕ್ಕಳಿಗೆ ಶಬ್ದದ ಮಿತಿ ಇರುವ ಹೆಡ್‌ಫೋನನ್ನೇ ಕೊಡಿಸಿ. ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳ ಕಿವಿಗೆ ಸೂಚಿಸಿರುವ ಸುರಕ್ಷಿತ ಮಟ್ಟ ವಾರಕ್ಕೆ 40 ಗಂಟೆಗೆ 75 ಡೆಸಿಬೆಲ್. ಪರದೆಯಲ್ಲಿ ಎಫ್‌ಎಂ ಟ್ರಾನ್ಸ್‌ಮಿಟರ್ ಇದ್ದರೆ ಎಲ್ಲರೂ ಒಟ್ಟಿಗೆ ಕೇಳುವಾಗ ಕಾರಿನ ಸ್ಪೀಕರುಗಳನ್ನೇ ಬಳಸಬಹುದು.

ಹಾಟ್‌ಸ್ಪಾಟನ್ನೇ ನೆಚ್ಚಿ ಹೊರಡಬೇಡಿ. ಘಾಟಿಗಳಲ್ಲಿ ನೆಟ್‌ವರ್ಕ್ ಬಿಟ್ಟುಬಿಡುತ್ತದೆ, ಜೊತೆಗೆ ಎಚ್‌ಡಿ ಚಿತ್ರ ಗಂಟೆಗೆ 1ರಿಂದ 3 ಜಿಬಿ ಡೇಟಾ ತಿನ್ನುತ್ತದೆ. ಒಟಿಟಿ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ ಚಿತ್ರ ಆ ಆ್ಯಪಿನೊಳಗೇ ಉಳಿಯುವುದರಿಂದ, ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಪರದೆಯೊಳಗೇ ಇಳಿಸಿಕೊಂಡಿರಬೇಕು. ನಿಮ್ಮದೇ ವಿಡಿಯೊಗಳನ್ನು ಪೆನ್‌ಡ್ರೈವಿನಲ್ಲಿ ಹಾಕುವುದಾದರೆ, ಫ್ಯಾಟ್32 ಮಾದರಿಯಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಹಿಡಿಸದು ಎಂಬುದು ನೆನಪಿರಲಿ.

ದೇವರಾಯನದುರ್ಗದ ತಿರುವುಗಳಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಪರದೆಯನ್ನು ಆರಿಸಿಬಿಡುವುದು ಲೇಸು. ಕಣ್ಣು ನಿಂತ ಚಿತ್ರದ ಮೇಲೆ, ಒಳಕಿವಿ ತಿರುವಿನ ಲೆಕ್ಕದಲ್ಲಿ ಇರುವಾಗ ಮಕ್ಕಳಿಗೆ ವಾಂತಿ ಬರುವುದು ಸಹಜ. ಹೊರಗಿನ ಬೆಟ್ಟವನ್ನು ನೋಡುತ್ತಿದ್ದರೆ ಈ ಕಷ್ಟ ಕಡಿಮೆ. ಬಿಸಿಲಿನಲ್ಲಿ ಕಾರು ನಿಲ್ಲಿಸುವಾಗ ಟ್ಯಾಬ್ಲೆಟ್ ಇದ್ದರೆ ಇಳಿಸಿಕೊಂಡು ಹೋಗಿ, ಅದರ ಲಿಥಿಯಂ ಬ್ಯಾಟರಿ ಬಿಸಿಗೆ ಉಬ್ಬುತ್ತದೆ. ಕಂಬಿಗೆ ಬಿಗಿದ ಪರದೆಗೆ ತೆಳು ಬಟ್ಟೆ ಹೊದಿಸಿ, ಕಾರು ತುಸು ತಣಿದ ಮೇಲೆ ಆನ್ ಮಾಡಿ.

ಬೇರೆಯವರಿಂದ ಮಾಡಿಸುವುದಾದರೆ

ಎಲೆಕ್ಟ್ರಿಷಿಯನ್ ಮೂಲ ವೈರಿನ ಸಿಪ್ಪೆ ಸುಲಿದು ಅಲ್ಲಿಂದಲೇ ಕರೆಂಟು ಎಳೆಯಲು ಹೊರಟರೆ ಬೇಡವೆನ್ನಿ; ಫ್ಯೂಸ್ ಟ್ಯಾಪ್ ನೀವೇ ಕೊಂಡು ಒಯ್ದು ಕೈಗೆ ಕೊಡಿ. ವೈರು ಸೀಟಿನ ಯಾವ ಅಂಚಿನಿಂದ ಏರಿದೆ, ಅರ್ಥ್ ಯಾವ ಬೋಲ್ಟಿಗೆ ಕೊಟ್ಟಿದೆ ಎಂಬುದನ್ನು ಪಟ್ಟಿ ಮುಚ್ಚುವ ಮೊದಲು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾವ ಫ್ಯೂಸಿನ ಮೇಲೆ ಟ್ಯಾಪ್ ಕೂತಿದೆ, ಎಷ್ಟು ಆಂಪಿಯರಿನದು ಎಂದು ಒಂದು ಚೀಟಿಯಲ್ಲಿ ಬರೆದು ಮಾಲೀಕರ ಕೈಪಿಡಿಯೊಳಗೆ ಇಟ್ಟರೆ, ಮುಂದೆ ಸರ್ವಿಸ್ ಮಾಡುವವರು ಹುಡುಕಾಡಬೇಕಾಗುವುದಿಲ್ಲ. ಒಂದು ತಿಂಗಳು ಓಡಿಸಿದ ನಂತರ ಕ್ಲ್ಯಾಂಪಿನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿದು, ಟಾರ್ಚ್ ಹಿಡಿದು ಸೀಟಿನಡಿಯ ವೈರು ಹಳಿಗೆ ಉಜ್ಜಿದ ಗುರುತಿದೆಯೇ ಎಂದು ನೋಡಿ. ಇದ್ದರೆ ಆ ಭಾಗಕ್ಕೆ ಹೊಸ ಹೊದಿಕೆ ಸುತ್ತಿ ಇನ್ನಷ್ಟು ಮೇಲಕ್ಕೆ ಕಟ್ಟಿ.